ತೇಗದ ಹಳೇ ಕುರ್ಚಿ: ಉಪ್ಪುಕಾಗದ ಹಿಡಿಯುವ ಮುಂಚೆ

ಹಳೇ ಕುರ್ಚಿ ರಿಪೇರಿಗೆ ಕೂತ ಕೂಡಲೇ ಎಲ್ಲರ ಕೈ ಮೊದಲು ಹೋಗುವುದು ಉಪ್ಪುಕಾಗದಕ್ಕೆ. ನನ್ನ ಕೆಲಸದಲ್ಲಿ ಅದರ ಸರದಿ ಬರುವುದು ಕೊನೆಯ ಹೊತ್ತಿಗೆ. ತೇಗವಾಗಲಿ, ಬೀಟೆಯಾಗಲಿ, ಹಲಸಾಗಲಿ, ವರ್ಷಗಟ್ಟಲೆ ಗಾಳಿ ಬೆಳಕಿಗೆ ಮಾಗಿದ ಬಣ್ಣ ಇರುವುದು ಮರದ ಮೇಲ್ಪದರದಲ್ಲಿ ಮಾತ್ರ. ಒರಟಾದ 80 ನಂಬರಿನ ಕಾಗದದಲ್ಲಿ ಹತ್ತು ನಿಮಿಷ ತಿಕ್ಕಿದರೆ ಆ ಬಣ್ಣ ಹೋಯಿತು, ಕೆತ್ತನೆಯ ಅಂಚೂ ಮೊಂಡಾಯಿತು. ಎರಡನ್ನೂ ಮತ್ತೆ ತರಲಾಗದು.

ಇಲ್ಲಿ ಬರೆಯುತ್ತಿರುವುದು ನಮ್ಮ ಕಡೆ ಹೆಚ್ಚಾಗಿ ಕಾಣುವ ಒಂದು ಬಗೆಯ ಕುರ್ಚಿಯ ಬಗ್ಗೆ. ತೇಗದ ಚೌಕಟ್ಟು, ಬೆತ್ತದ ಆಸನ. ಮೂಲದಲ್ಲಿ ಸ್ಪಿರಿಟ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು), ಅದರ ಮೇಲೆ ಕಿಟಕಿಗೆ ಹೊಡೆದು ಮಿಕ್ಕ ಎನಾಮಲ್ ಪೇಂಟ್. ಸಡಿಲಾದ ಕಾಲಿಗೆ ಯಾರೋ ಬಡಿದ ಎರಡಿಂಚಿನ ಮೊಳೆ.

ಮೇಲೆ ಬಳಿದಿರುವುದು ಏನು ಎಂದು ತಿಳಿಯಲು ಎರಡು ಬಾಟಲಿ ಸಾಕು: ಪಾಲಿಶಿಗೆ ಬಳಸುವ ಸ್ಪಿರಿಟ್ ಮತ್ತು ಎನ್‌ಸಿ ಥಿನ್ನರ್, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತೆಳುಮಾಡುವ ದ್ರವ. ಆಸನದ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಸ್ಪಿರಿಟ್ ಹಾಕಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯುತ್ತೇನೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿ ಮರ ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಎನ್‌ಸಿ ಲ್ಯಾಕರ್. ಥಿನ್ನರ್ ತಗುಲಿ ಸುಕ್ಕುಗಟ್ಟಿ ಎದ್ದರೆ ಎಣ್ಣೆ ಪೇಂಟ್ ಇಲ್ಲವೇ ವಾರ್ನಿಶ್. ಎರಡಕ್ಕೂ ಏನೂ ಆಗದಿದ್ದರೆ ಇತ್ತೀಚೆಗೆ ಯಾರೋ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಗಟ್ಟಿ ಪಾಲಿಶ್ ಹೊಡೆದಿದ್ದಾರೆ. ಬರೀ ಅರಗು ಇರುವ ಕುರ್ಚಿ ಸಿಕ್ಕವರು ಅದೃಷ್ಟವಂತರು. ಹೊಸ ಅರಗು ಹಳೆಯದನ್ನು ಕರಗಿಸಿಕೊಂಡು ಒಂದೇ ಪದರವಾಗುತ್ತದೆ, ಹಾಗಾಗಿ ಹಳೆಯದನ್ನು ಕೀಳುವ ಅಗತ್ಯವೇ ಇಲ್ಲ. ಲೀಟರ್ ಬೆಚ್ಚನೆ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಟರ್ಪೆಂಟೈನ್‌ನಲ್ಲಿ ಇನ್ನೊಮ್ಮೆ ಒರೆಸಿದರೆ ಮೇಲೆ ಕೂತ ಮೇಣ, ಮಸಿ, ಕೈಜಿಡ್ಡು ಎಲ್ಲ ಬರುತ್ತದೆ.

ಹಳೇ ಪೇಂಟ್ ಇದ್ದರೆ ಒಣ ಉಪ್ಪುಕಾಗದ ಬೇಡವೇ ಬೇಡ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್, ಅದರಲ್ಲೂ ಹಳದಿ, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಸೀಸ ಇದ್ದೇ ಇದೆ ಎಂದುಕೊಂಡೇ ಕೆಲಸ ಮಾಡಬೇಕು. ಮಕ್ಕಳಿರುವ ಮನೆಯೊಳಗೆ ಆ ಧೂಳು ಎಬ್ಬಿಸಬಾರದು. ಹೀಟ್ ಗನ್ ಕೂಡ ಬೇಡ. ನಾನು ಬಳಸುವುದು ಗಟ್ಟಿಯಾದ ಪೇಂಟ್ ರಿಮೂವರ್. ಅಂಗಳದಲ್ಲೋ ತಾರಸಿಯಲ್ಲೋ ಕೂತು, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಬ್ರಶ್‌ನಲ್ಲಿ ದಪ್ಪಗೆ ಒಂದೇ ದಿಕ್ಕಿಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಇಪ್ಪತ್ತು ನಿಮಿಷ ಬಿಡುತ್ತೇನೆ. ಮುಚ್ಚದಿದ್ದರೆ ಬಿಸಿಲಿಗೆ ಐದೇ ನಿಮಿಷದಲ್ಲಿ ಆರಿ ಪೇಂಟ್ ಮತ್ತೆ ಕಚ್ಚಿಕೊಳ್ಳುತ್ತದೆ. ಎದ್ದ ಪೇಂಟನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ತಳ್ಳಿ ತೆಗೆಯುವುದು, ಕೆತ್ತನೆಯ ಸಂದಿಗೆ ಬಿದಿರು ಕಡ್ಡಿ, ಕಡೆದ ಕಾಲಿಗೆ ತೆಂಗಿನ ನಾರು. ಕಾಸ್ಟಿಕ್ ಸೋಡಾದ ನೀರು ಅಗ್ಗ, ಬೇಗವೂ ಕೆಲಸ ಮಾಡುತ್ತದೆ. ಆದರೆ ತೇಗ ಕಪ್ಪಿಡುತ್ತದೆ, ಕಾಲು, ಪಟ್ಟಿ ಕೂಡುವ ಸಂದಿನ ಅಂಟು ಬಿಡುತ್ತದೆ, ಸರಿಯಾಗಿ ತೊಳೆಯದಿದ್ದರೆ ಮುಂದೆ ಹಾಕುವ ಪಾಲಿಶೂ ನಿಲ್ಲುವುದಿಲ್ಲ. ಪೇಂಟ್ ಹೋದ ಮೇಲೆ ಕೆಳಗಿನ ಅರಗು ಕಾಣುತ್ತದೆ. ಅದನ್ನು ಸ್ಪಿರಿಟ್ ಮತ್ತು ನಾರಿನಿಂದ ಹದವಾಗಿ ತೆಳುಮಾಡಿದರೆ ಸಾಕು, ಪೂರಾ ತೆಗೆಯುವ ಹಟ ಬೇಡ.

ಈಗ ಸಂದುಗಳು. ಕುರ್ಚಿ ಅಲುಗಾಡುತ್ತಿದ್ದರೆ ಸಂದಿಗೆ ಮೇಲಿಂದ ಫೆವಿಕಾಲ್ ಸುರಿಯುವುದು ಎಲ್ಲರೂ ಮಾಡುವ ಕೆಲಸ, ಎಲ್ಲೂ ಉಪಯೋಗಕ್ಕೆ ಬಾರದ ಕೆಲಸ. ಫೆವಿಕಾಲ್ ಹಿಡಿಯುವುದು ಬರೀ ಮರಕ್ಕೆ. ಒಣಗಿದ ಹಳೇ ಅಂಟಿನ ಮೇಲೆ ಅದು ಸುಮ್ಮನೆ ಕೂರುತ್ತದೆ, ಆರು ತಿಂಗಳಿಗೆ ಮತ್ತೆ ಬಿಡುತ್ತದೆ. ಮೊಳೆ ಬಡಿಯುವುದು ಅದಕ್ಕಿಂತ ಕೆಡುಕು: ಕಾಲಿನ ಕಿಂಡಿಯೊಳಗೆ ಕೂತ ಅಡ್ಡಪಟ್ಟಿಯ ನಾಲಗೆಯನ್ನೇ ಅದು ಸೀಳಿಬಿಡುತ್ತದೆ. ಸಡಿಲಾದ ಸಂದನ್ನು ಬಿಚ್ಚಲೇಬೇಕು. ಬಿಚ್ಚುವ ಮುಂಚೆ ಪ್ರತಿ ತುಂಡಿಗೂ ಕಾಗದದ ಟೇಪ್ ಅಂಟಿಸಿ ಮುಂದೆ-ಎಡ, ಹಿಂದೆ-ಬಲ ಎಂದು ಬರೆಯಿರಿ. ಕೈಯಲ್ಲಿ ಮಾಡಿದ ಕುರ್ಚಿಯಲ್ಲಿ ಒಂದು ಕಿಂಡಿಗೆ ಇನ್ನೊಂದರ ನಾಲಗೆ ಕೂರುವುದಿಲ್ಲ.

ಹಳೇ ಕುರ್ಚಿಗಳಲ್ಲಿ ಸಂದಿಗೆ ಅಡ್ಡಲಾಗಿ ಬಿದಿರಿನ ಮೊಳೆ ಇರುತ್ತದೆ. ಎರಡೂ ಬದಿ ಕಾಣುತ್ತಿದ್ದರೆ ಸಣ್ಣ ತುದಿ ಯಾವುದೆಂದು ನೋಡಿ ಆ ಕಡೆಯಿಂದ ಹೊಡೆಯಬೇಕು, ಏಕೆಂದರೆ ಅದನ್ನು ಓರೆಯಾಗಿ ಚೂಪು ಮಾಡಿರುತ್ತಾರೆ. ಒಂದೇ ಬದಿ ಕಂಡರೆ ಅದಕ್ಕಿಂತ ಒಂದು ಸುತ್ತು ಸಣ್ಣ ಡ್ರಿಲ್ ಬಿಟ್‌ನಲ್ಲಿ ಕೊರೆದು ತೆಗೆಯುವುದು. ಆಮೇಲೆ ಸಂದಿನ ಸುತ್ತ ಬಿಸಿನೀರಿನ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟು, ಪಕ್ಕದಲ್ಲಿ ಮರದ ತುಂಡು ಇಟ್ಟು ಕೊಡತಿಯಲ್ಲಿ ಮೆಲ್ಲಗೆ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಬಡಗಿಗಳು ವಜ್ರ ಎನ್ನುವ ಹಳೇ ಕಾಲದ ಚರ್ಮದ ಅಂಟು ಬಿಸಿ ತೇವಕ್ಕೆ ಕರಗುತ್ತದೆ. ಆ ಅಂಟಿನ ದೊಡ್ಡ ಗುಣವೇ ಅದು. ಒಳಗಿರುವುದು ಫೆವಿಕಾಲ್ ಆಗಿದ್ದರೆ ಬಿಸಿ ವಿನಿಗರ್ ಬೇಕಾಗುತ್ತದೆ, ತಾಳ್ಮೆಯೂ ಬೇಕಾಗುತ್ತದೆ. ನಾಲಗೆಯ ಮೇಲಿನ ಹಳೇ ಅಂಟನ್ನು ಉಳಿಯ ಅಂಚಿನಿಂದ ಕೆರೆದು ತೆಗೆಯಿರಿ. ಉಪ್ಪುಕಾಗದದಿಂದ ಉಜ್ಜಿದರೆ ನಾಲಗೆ ಸವೆದು ಇನ್ನಷ್ಟು ಸಡಿಲಾಗುತ್ತದೆ.

ಒಣಗಿಸಿ, ಅಂಟಿಲ್ಲದೆ ಜೋಡಿಸಿ ನೋಡಿದಾಗ ಸಂದು ಕೈಯಲ್ಲೇ ತಳ್ಳಿದರೆ ಕೂರಬೇಕು, ತಿರುಗಿಸಿ ಹಿಡಿದರೆ ಬೀಳಬಾರದು. ಬೀಳುವಷ್ಟು ಸಡಿಲಿದ್ದರೆ ನಾಲಗೆಯ ಕೆನ್ನೆಗೆ, ಅಂದರೆ ಪಕ್ಕದ ಮೈಗೆ, ತೇಗದ ವಿನಿಯರ್ (ತೆಳು ಮರದ ಹಾಳೆ) ತುಂಡು ಅಂಟಿಸಿ, ಮರುದಿನ ಹದಕ್ಕೆ ಕೆರೆಯುತ್ತೇನೆ. ಮರದ ಹೊಟ್ಟು ಕಲಸಿದ ಫೆವಿಕಾಲ್ ತುಂಬುವವರಿದ್ದಾರೆ. ಅದು ಸಂದು ಮುಚ್ಚುತ್ತದೆ, ಭಾರ ಹೊರುವುದಿಲ್ಲ. ತೇಗದಲ್ಲಿ ಎಣ್ಣೆ ಜಾಸ್ತಿ, ಹಾಗಾಗಿ ಅಂಟು ಹಚ್ಚುವ ಐದು ನಿಮಿಷ ಮುಂಚೆ ಎರಡೂ ಮುಖವನ್ನು ಥಿನ್ನರ್‌ನಲ್ಲಿ ಒರೆಸಬೇಕು. ಅಂಟನ್ನು ಕಿಂಡಿಯ ಗೋಡೆಗೂ ನಾಲಗೆಗೂ ತೆಳ್ಳಗೆ ಹಚ್ಚಿ, ಜೋಡಿಸಿ, ಕ್ಲ್ಯಾಂಪ್ ಇಲ್ಲದಿದ್ದರೆ ನಾಲ್ಕೂ ಕಾಲಿನ ಹೊರಗಿನಿಂದ ಹಗ್ಗ ಎರಡು ಸುತ್ತು ಕಟ್ಟಿ ನಡುವೆ ಕೋಲು ತೂರಿಸಿ ತಿರುವಿ. ಕುರ್ಚಿಯನ್ನು ಟೈಲ್ಸ್ ನೆಲದ ಮೇಲಿಟ್ಟು ನಾಲ್ಕು ಕಾಲೂ ಊರಿವೆಯೇ, ಆಸನದ ಮೂಲೆಯಿಂದ ಮೂಲೆಗೆ ಅಳತೆ ಎರಡೂ ಕಡೆ ಒಂದೇ ಇದೆಯೇ ನೋಡಬೇಕು. ಇದನ್ನು ಅಂಟು ಹಸಿಯಿರುವಾಗಲೇ ನೋಡಬೇಕು. ಒಣಗಿದ ಮೇಲೆ ಕುಂಟುವ ಕುರ್ಚಿಗೆ ಕಾಲು ಕೊಯ್ಯುವುದೊಂದೇ ದಾರಿ. ಹೊರಗೆ ಬಂದ ಅಂಟನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲವಾದರೆ ಪಾಲಿಶ್ ಹಾಕಿದಾಗ ಅಲ್ಲಲ್ಲಿ ತೊನ್ನಿನ ಹಾಗೆ ಬಿಳಿ ಮಚ್ಚೆ ಏಳುತ್ತದೆ. 24 ಗಂಟೆ ಅದರ ಮೇಲೆ ಯಾರೂ ಕೂರಬಾರದು.

ಕುಟ್ಟೆ ಹೊಡೆದಿದ್ದರೆ ಗಾಬರಿ ಬೇಡ. ತೇಗದ ಒಳಗಿನ ಗಟ್ಟಿ ತಿರುಳನ್ನು ಅದು ಮುಟ್ಟುವುದಿಲ್ಲ, ಅಂಚಿನಲ್ಲಿರುವ ಬಿಳಿಚು ಭಾಗವನ್ನಷ್ಟೇ ತಿನ್ನುತ್ತದೆ. ಒಂದೆರಡು ಮಿಲಿಮೀಟರಿನ ದುಂಡನೆ ತೂತು, ಮೈದಾದಂಥ ಪುಡಿ. ಹುಳ ಇನ್ನೂ ಇದೆಯೋ ಇಲ್ಲವೋ ತಿಳಿಯಲು ಕುರ್ಚಿಯನ್ನು ಕುಟ್ಟಿ ಹಳೇ ಪುಡಿಯನ್ನೆಲ್ಲ ಉದುರಿಸಿ, ಅಡಿಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹೊಸ ಪುಡಿ ಬಿದ್ದರೆ ಮರದ ಹುಳುವಿಗೆಂದೇ ಸಿಗುವ ಎಣ್ಣೆಯಂಥ ಔಷಧವನ್ನು ಸಿರಿಂಜಿನಲ್ಲಿ ತೂತಿಗೆ ಬಿಟ್ಟು, ಹೊರಮೈಗೂ ಬಳಿಯಬೇಕು. ಪಾಲಿಶ್ ಇರುವ ಮೈಯೊಳಗೆ ಔಷಧ ಇಳಿಯುವುದಿಲ್ಲ, ಆದ್ದರಿಂದ ಈ ಕೆಲಸ ಈ ಹಂತದಲ್ಲೇ ಆಗಬೇಕು.

ಕಬ್ಬಿಣದ ಮೊಳೆ ಕಿತ್ತ ಕಡೆ ಕಪ್ಪು ಕಲೆ ಉಳಿದಿರುತ್ತದೆ. ಅರ್ಧ ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಸಿಡ್ ಹರಳು, ಪ್ಲಾಸ್ಟಿಕ್ ಪಾತ್ರೆಯಲ್ಲಿ. ಕಲೆಯ ಮೇಲಷ್ಟೇ ಹಚ್ಚಿದರೆ ಸುತ್ತ ವೃತ್ತ ಕಾಣುತ್ತದೆ, ಹಾಗಾಗಿ ಆ ಪಟ್ಟಿ ಪೂರ್ತಿ ಹಚ್ಚಿ. ಒಣಗಿದ ಮೇಲೆ ಮೂರು ಸಲ ನೀರಿನಲ್ಲಿ ತೊಳೆದು ತೆಗೆಯಬೇಕು. ಅದು ವಿಷ, ಉಳಿದ ಹರಳಿನ ಮೇಲೆ ಉಪ್ಪುಕಾಗದ ಎಳೆದರೆ ಪುಡಿ ನೇರ ಮೂಗಿಗೆ.

ಕೊನೆಗೂ ಉಪ್ಪುಕಾಗದ: 180, ಆಮೇಲೆ 220, ಮರದ ಎಳೆಯ ಉದ್ದಕ್ಕೆ, ಕೈಭಾರ ಹಾಕದೆ. ಒದ್ದೆ ಬಟ್ಟೆ ಆಡಿಸಿ, ಒಣಗಿದಾಗ ನಿಂತ ನವಿರನ್ನು 220ರಲ್ಲಿ ಇನ್ನೊಮ್ಮೆ ಸವರಿದರೆ ಮುಗಿಯಿತು.

ಪಾಲಿಶಿಗೆ ನಾನು ಅರಗನ್ನೇ ಹಿಡಿದಿದ್ದೇನೆ. ಪಿಯು ಗಟ್ಟಿ ನಿಜ, ಊಟದ ಮೇಜಿಗೆ ಬೇಕಾದರೆ ಅದೇ ಸರಿ. ಆದರೆ ಗೀರು ಬಿದ್ದರೆ ಆ ಜಾಗವನ್ನಷ್ಟೇ ಸರಿಮಾಡಲು ಬರುವುದಿಲ್ಲ. ಅರಗು ಹಾಗಲ್ಲ, ಹತ್ತು ವರ್ಷ ಬಿಟ್ಟು ಒಂದು ಹಿಡಿ ಹತ್ತಿಯಲ್ಲಿ ತಿದ್ದಬಹುದು. ಲೀಟರ್ ಸ್ಪಿರಿಟ್‌ಗೆ 150 ಗ್ರಾಂ ಅರಗಿನ ಚಕ್ಕೆ, ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ, ಆಗಾಗ ಕುಲುಕುತ್ತಾ. ಕಬ್ಬಿಣದ ಡಬ್ಬದಲ್ಲಿಟ್ಟರೆ ಕಪ್ಪಾಗುತ್ತದೆ. ಬೆಳಿಗ್ಗೆ ಮಲ್ ಬಟ್ಟೆಯಲ್ಲಿ ಸೋಸಬೇಕು. ಕಲಸಿಟ್ಟದ್ದು ಆರು ತಿಂಗಳು ದಾಟಿದ್ದರೆ ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿ. ಮರುದಿನವೂ ಉಗುರು ಊರಿದರೆ ಚೆಲ್ಲಿಬಿಡಿ, ಅದು ಮರದ ಮೇಲೂ ಒಣಗುವುದಿಲ್ಲ.

ಮೊದಲ ಎರಡು ಕೋಟ್ ಬ್ರಶ್‌ನಲ್ಲಿ, ನಡುವೆ ಎರಡು ಗಂಟೆ, ಆಮೇಲೆ 320ರಲ್ಲಿ ಲಘುವಾಗಿ. ನಂತರದ್ದೆಲ್ಲ ಹತ್ತಿಯುಂಡೆಯ ಕೆಲಸ. ನಿಂಬೆಹಣ್ಣಿನಷ್ಟು ಹತ್ತಿಗೆ ಅರಗು ಕುಡಿಸಿ, ಒಗೆದು ಒಗೆದು ನವೆದ ಹಳೇ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ, ಅಂಗೈಗೆ ತಟ್ಟಿದರೆ ತೇವ ಕಾಣಬೇಕು, ಹನಿ ಬೀಳಬಾರದು. ಮರದ ಮೇಲೆ ವಿಮಾನ ಇಳಿದ ಹಾಗೆ ಓರೆಯಲ್ಲಿ ಇಳಿಸಿ, ಎಳೆದು, ಹಾಗೇ ಎತ್ತಬೇಕು. ನಡುವೆ ಒಂದು ಕ್ಷಣ ನಿಂತರೂ ಕೆಳಗಿನ ಪದರ ಕರಗಿ ಬಟ್ಟೆಯ ನೇಯ್ಗೆ ಅಚ್ಚೊತ್ತುತ್ತದೆ. ಕೈ ಸರಿಯಾಗಿ ಹೋಗುತ್ತಿದ್ದರೆ ಉಂಡೆಯ ಹಿಂದೆ, ಕನ್ನಡಿಗೆ ಉಸಿರು ಬಿಟ್ಟ ಹಾಗೆ, ತೆಳು ಮಬ್ಬೊಂದು ಹಿಂಬಾಲಿಸಿ ಎರಡು ಸೆಕೆಂಡಿನಲ್ಲಿ ಮಾಯವಾಗುತ್ತದೆ. ಉಂಡೆ ಅಂಟತೊಡಗಿದರೆ ತಳಕ್ಕೆ ಒಂದು ಹನಿ ಅಗಸೆ ಎಣ್ಣೆ. ದಿನಕ್ಕೆ ಮೂರು ನಾಲ್ಕು ಸುತ್ತು, ಮೂರು ದಿನ. ಮಳೆ ಸುರಿಯುವ ದಿನ ಮುಟ್ಟಬೇಡಿ. ಗಾಳಿಯ ತೇವ ಪದರದೊಳಗೆ ಸಿಕ್ಕಿ ಬೆಳ್ಳಗಾಗುತ್ತದೆ. ಆದರೂ ಆಗಿಹೋದರೆ ಬಿಸಿಲಿನ ದಿನ ಕಾದು, ಸ್ಪಿರಿಟ್ ಸೋಕಿಸಿದ ಉಂಡೆಯನ್ನು ಒಮ್ಮೆ ಆಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಅಗಸೆ ಎಣ್ಣೆ ತಾಗಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಒಣಗುತ್ತಾ ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ ಅಥವಾ ತಂತಿಯ ಮೇಲೆ ಹರಡಿ ಒಣಗಿಸಿ.

ಬೆತ್ತ ಪಾಲಿಶ್ ಗಟ್ಟಿಯಾದ ಮೇಲೆ. ತೂತುಗಳ ನಡುವೆ ಸುಮಾರು 13 ಮಿಲಿಮೀಟರ್ ಇದ್ದರೆ ಎರಡೂಕಾಲರಿಂದ ಎರಡೂವರೆ ಮಿಲಿಮೀಟರ್ ಅಗಲದ ಬೆತ್ತ ಸರಿ. ಒಂದೂಕಾಲು ಅಡಿ ಚೌಕದ ಆಸನಕ್ಕೆ 80ರಿಂದ 90 ಮೀಟರ್ ಬೇಕು. ಬೆಚ್ಚನೆ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹೊಳೆಯುವ ಮೈ ಮೇಲಿರುವಂತೆ ಹಿಂದೆ-ಮುಂದೆ ಒಂದು ಸಾಲು, ಅದರ ಮೇಲೆ ಅಡ್ಡ, ಮತ್ತೆ ಹಿಂದೆ-ಮುಂದೆ ಮೊದಲಿನದರ ಪಕ್ಕಕ್ಕೆ, ನಾಲ್ಕನೆಯ ಸಾಲಿನಿಂದ ನೇಯ್ಗೆ ಶುರು. ಐದು, ಆರು ಓರೆ ಸಾಲುಗಳು. ಮೊದಲ ಮೂರನ್ನು ಸ್ವಲ್ಪ ಸಡಿಲವೇ ಬಿಡಿ. ಬಿಗಿದರೆ ಓರೆ ಸಾಲು ತೂರಿಸಲು ಜಾಗವಿರದೆ ಬೆತ್ತ ತುಂಡಾಗುತ್ತದೆ. ಒಣಗಿದಾಗ ಎಲ್ಲ ತಾನೇ ಬಿಗಿಯುತ್ತದೆ, ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ನುಡಿಯುತ್ತದೆ. ವರ್ಷಗಳ ಮೇಲೆ ಆಸನ ಜೋತರೆ ಕುರ್ಚಿಯನ್ನು ಮಗುಚಿ, ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಅಡಿಮೈಗೆ ಅರ್ಧ ಗಂಟೆ ಹೊದಿಸಿ ನೆರಳಿನಲ್ಲಿ ಒಣಗಿಸಿದರೆ ಮತ್ತೆ ಮೇಲೇರುತ್ತದೆ. ಅದಕ್ಕೇ ಬೆತ್ತದ ಅಡಿಮೈಗೆ ಪಾಲಿಶ್ ಹೊಡೆಯಬಾರದು.