ಬೆಕ್ಕು ಸೋಫಾ ಪರಚದಿರಲು ಮೂರಡಿಯ ಕಂಬ

ಬೆಕ್ಕು ಸೋಫಾ ಪರಚುವುದು ಹಟಕ್ಕಲ್ಲ. ಉಗುರಿನ ಹಳೆಯ ಪೊರೆ ಕಳಚಬೇಕು, ನಿದ್ದೆಯಿಂದ ಎದ್ದಾಗ ಮೈ ಮುರಿಯಬೇಕು, ಅಂಗಾಲಿನ ಗ್ರಂಥಿಗಳ ವಾಸನೆ ಹಚ್ಚಿ ತನ್ನ ಜಾಗ ಗುರುತಿಸಬೇಕು. ಪರಚುವುದನ್ನು ನಿಲ್ಲಿಸಲಾಗದು, ಬೇರೆ ಕಡೆಗೆ ತಿರುಗಿಸಬಹುದು. ಗದರಿದರೆ, ನೀರು ಎರಚಿದರೆ ನೀವಿಲ್ಲದ ಹೊತ್ತು ನೋಡಿ ಪರಚುತ್ತದೆ, ಅಷ್ಟೇ.

ಎರಡು ದಿನ ಸುಮ್ಮನೆ ಗಮನಿಸಿ. ಹಿಂಗಾಲ ಮೇಲೆ ನಿಂತು ಪರಚುವ ಬೆಕ್ಕಿಗೆ ಕಂಬ ಬೇಕು. ಚಾಪೆ, ಜಮಖಾನವನ್ನೇ ಹುಡುಕುವ ಬೆಕ್ಕಿಗೆ ಹಲಗೆಗೆ ಬಿಗಿದ ಗೋಣಿಚೀಲ ಸಾಕು.

ಅಂಗಡಿಯ ಕಂಬಗಳನ್ನು ಬೆಕ್ಕು ಮೂಸದಿರಲು ಸಾಮಾನ್ಯ ಕಾರಣ ಎರಡು: ಅವು ಗಿಡ್ಡ, ಜೊತೆಗೆ ಅಲುಗಾಡುತ್ತವೆ. ಒಮ್ಮೆ ಮೈಮೇಲೆ ವಾಲಿದ ಕಂಬದ ಬಳಿ ಬೆಕ್ಕು ಮತ್ತೆ ಸುಳಿಯುವುದು ಕಷ್ಟ. ಮನೆಯಲ್ಲೇ ಮಾಡುವುದಾದರೆ 3 ಇಂಚು ಚೌಕದ, 3 ಅಡಿ ಉದ್ದದ ಮರದ ತುಂಡು, 18 ಇಂಚು ಚೌಕದ 18 ಮಿ.ಮೀ. ಪ್ಲೈವುಡ್, 10 ಮಿ.ಮೀ. ದಪ್ಪದ ಕತ್ತಾಳೆ ನಾರಿನ ಹಗ್ಗ 32 ಮೀಟರ್ ಬೇಕು. ತೆಂಗಿನ ನಾರಿನ ಹಗ್ಗವೂ ಆದೀತು, ಪುಡಿ ಹೆಚ್ಚು ಉದುರುತ್ತದೆ. ನೈಲಾನ್ ಬೇಡವೇ ಬೇಡ. ಅದರ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ.

ಮರದ ಅಂಚುಗಳನ್ನು ಸ್ಯಾಂಡ್‌ಪೇಪರಿನಿಂದ ಮೊಂಡು ಮಾಡಿ, ಇಲ್ಲವಾದರೆ ಹಗ್ಗ ಮೊದಲು ಸವೆಯುವುದೇ ಅಲ್ಲಿ. ತೂತು ಕೊರೆದುಕೊಂಡು, ಪ್ಲೈವುಡ್ಡಿನ ಅಡಿಯಿಂದ 3 ಇಂಚಿನ ನಾಲ್ಕು ಸ್ಕ್ರೂ ಹಾಕಿ ಬಿಗಿಯಿರಿ. ಒಮ್ಮೆಗೆ ನಾಲ್ಕು ಇಂಚಿನಷ್ಟು ಜಾಗಕ್ಕೆ ಮಾತ್ರ ಫೆವಿಕಾಲ್ ಬಳಿದು, ಕೆಳಗಿನಿಂದ ಸುತ್ತುತ್ತಾ, ಪ್ರತಿ ಸುತ್ತನ್ನೂ ಸುತ್ತಿಗೆಯಿಂದ ಕೆಳಕ್ಕೆ ತಟ್ಟಿ. ಸುತ್ತು ಸಡಿಲವಾದರೆ ವಾರದಲ್ಲೇ ಜಾರುತ್ತದೆ. ಹಗ್ಗದ ತುದಿಗೆ ಮೊಳೆ ಹೊಡೆದರೆ ಅದರ ತಲೆ ಎಲ್ಲೂ ಹೊರಗೆ ಕಾಣಬಾರದು. ಒಂದಿಡೀ ದಿನ ಒಣಗಲಿ. ಕೈಯಲ್ಲಿ ತಳ್ಳಿದಾಗ ಅಲುಗಿದರೆ ತಳದ ಮೇಲೆ ಕಡಪಾ ಕಲ್ಲಿನ ತುಂಡು ಹೇರಿ.

ಕಂಬವನ್ನು ಮೂಲೆಗೆ ಸರಿಸಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬೆಕ್ಕು ಈಗ ಪರಚುತ್ತಿರುವ ಜಾಗದ ಎದುರಿಗೇ ನಿಲ್ಲಿಸಿ, ಅದೇ ಹೊತ್ತಿಗೆ ಸೋಫಾದ ಆ ಭಾಗಕ್ಕೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ. ಅಂಟಂಟು ಪಾದಕ್ಕೆ ತಾಗಿದರೆ ಬೆಕ್ಕಿಗೆ ಆಗದು. ಮುಂಗಾಲು ಹಿಡಿದು ಕಂಬಕ್ಕೆ ಉಜ್ಜಿಸಬೇಡಿ, ಹೆದರುತ್ತದೆ. ಕಳೆಯಾಗಿ ಬೆಳೆಯುವ ಕುಪ್ಪಿಗಿಡದ (ಅಕಾಲಿಫಾ ಇಂಡಿಕಾ) ಬೇರನ್ನು ಹಗ್ಗಕ್ಕೆ ಉಜ್ಜಿದರೆ ಅನೇಕ ಬೆಕ್ಕುಗಳು ತಾವಾಗಿ ಬರುತ್ತವೆ. ಬೇರನ್ನು ತಿನ್ನಲು ಬಿಡಬೇಡಿ. ಪರಚಿದ ಕೂಡಲೇ ಒಂದು ಚೂರು ಮೀನು ಕೊಡಿ. ಎರಡು ಮೂರು ವಾರ ದಿನವೂ ಬಳಸಿದ ಮೇಲೆ, ದಿನಕ್ಕೆ ಎರಡು ಇಂಚಿನಂತೆ ಕಂಬವನ್ನು ನಿಮಗೆ ಬೇಕಾದಲ್ಲಿಗೆ ಸರಿಸಬಹುದು.

ನುಸಿಗುಳಿಗೆ, ನೀಲಗಿರಿ ಎಣ್ಣೆ ಹಚ್ಚಿ ಓಡಿಸುವ ಉಪಾಯ ಅಪಾಯ, ಎರಡೂ ಬೆಕ್ಕಿಗೆ ವಿಷ. ಉಗುರು ಕೀಳಿಸುವ ಮಾತನ್ನೂ ಎತ್ತಬೇಡಿ: ಅದು ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ. ಎರಡು ಮೂರು ವಾರಕ್ಕೊಮ್ಮೆ ಮುಂಗಾಲಿನ ಉಗುರಿನ ತುದಿ ಕತ್ತರಿಸಿದರೆ ಸಾಕು. ಬೆರಳನ್ನು ಮೆಲ್ಲಗೆ ಒತ್ತಿ ಉಗುರು ಹೊರಬಂದಾಗ ಬಿಳಿ ತುದಿಯನ್ನಷ್ಟೇ ತೆಗೆಯಿರಿ. ಒಳಗಿನ ಗುಲಾಬಿ ಭಾಗದಲ್ಲಿ ರಕ್ತನಾಳವಿದೆ. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

ಹಗ್ಗ ಹರಿದು ಚಿಂದಿಯಾದರೆ ಕಂಬ ಎಸೆಯಬೇಡಿ, ಬೆಕ್ಕಿಗೆ ಅದೇ ಇಷ್ಟ. ಮರ ಕಾಣತೊಡಗಿದಾಗ ಅರ್ಧ ಭಾಗಕ್ಕೆ ಮಾತ್ರ ಹೊಸ ಹಗ್ಗ ಸುತ್ತಿ. ಉಳಿದರ್ಧದಲ್ಲಿ ಅದರ ಹಳೆಯ ವಾಸನೆ ಇರಲಿ.