23 ದಿನ ಎಳೆದ ವ್ಯಾಲ್ಯುಯೇಷನ್, ಆಮೇಲೆ ನಾಲ್ಕೇ ದಿನ

ಮಗಳ ಓದಿಗೆ ದುಡ್ಡು ಬೇಕಿತ್ತು. ನಂದಿನಿ ಲೇಔಟ್‌ನಲ್ಲಿ ಅಮ್ಮನ ಹೆಸರಿನಲ್ಲಿರುವ ಮನೆಯ ಮೇಲೆ 2025ರಲ್ಲಿ ಸಾಲಕ್ಕೆ ಅರ್ಜಿ ಹಾಕಿದೆವು. ಮೊದಲ ಬ್ಯಾಂಕಿನಲ್ಲಿ ವ್ಯಾಲ್ಯುಯೇಷನ್ ರಿಪೋರ್ಟ್, ಅಂದರೆ ಮನೆ ಎಷ್ಟು ಬೆಲೆ ಬಾಳುತ್ತದೆ ಅಂತ ನೋಡಿ ಬರೆಯುವ ವರದಿ, ಬರುವುದಕ್ಕೆ 23 ದಿನ ಹಿಡಿಯಿತು. ಕೊನೆಗೆ ಅವರು ಹೇಳಿದ ಬಡ್ಡಿ ದರ ನಮಗೆ ಸರಿಹೋಗಲಿಲ್ಲ. ಬೇರೆ ಬ್ಯಾಂಕಿಗೆ ಹೋದೆವು. ಹಳೆ ರಿಪೋರ್ಟ್ ಅಲ್ಲಿ ನಡೆಯಲ್ಲ, ಅವರು ತಮ್ಮ ಪಟ್ಟಿಯಲ್ಲಿರುವ ವ್ಯಾಲ್ಯುಯರ್ ಕೈಲೇ ಮಾಡಿಸಬೇಕು. ಮತ್ತೆ ಮೊದಲಿಂದ ಶುರು. ಆದರೆ ಈ ಸಲ 4 ದಿನದಲ್ಲಿ ಮುಗಿಯಿತು. ಮನೆ ಅದೇ, ಕಾಗದಪತ್ರ ಅವೇ.

ಮೊದಲನೆಯ ಸಲ ಆ 23 ದಿನ ಎಲ್ಲಿ ಹೋದವು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ವ್ಯಾಲ್ಯುಯೇಷನ್ ಫೀಸ್ ಕಟ್ಟುವ ಲಿಂಕ್ ಎಸ್‌ಎಂಎಸ್‌ನಲ್ಲಿ ಬಂದಿತ್ತು, ನಾನು ನೋಡಿರಲಿಲ್ಲ. ಅಲ್ಲಿಗೆ 4 ದಿನ. ಫೀಸ್ ಕಟ್ಟಿದ ಮೇಲೆ ವ್ಯಾಲ್ಯುಯೇಷನ್ ಮಾಡುವ ಇಂಜಿನಿಯರ್ ಫೋನ್ ಮಾಡಿದರು. ಗೊತ್ತಿಲ್ಲದ ನಂಬರ್, ಮಧ್ಯಾಹ್ನದ ಹೊತ್ತು, ಕ್ರೆಡಿಟ್ ಕಾರ್ಡ್ ಮಾರುವವರಿರಬೇಕು ಅಂದುಕೊಂಡು ಕಟ್ ಮಾಡಿದೆ. ಎರಡು ಸಲ. ಅವರು ‘ಪಾರ್ಟಿ ಫೋನ್ ಎತ್ತುತ್ತಿಲ್ಲ’ ಅಂತ ಬರೆದು ಫೈಲ್ ವಾಪಸ್ ಕಳಿಸಿದರು. ಅದು ಸುತ್ತಿ ಬರುವುದಕ್ಕೆ 6 ದಿನ. ಇಂಜಿನಿಯರ್ ಬಂದಾಗ ಮೇಲಿನ ಮನೆಯ ಬಾಡಿಗೆಯವರು ಬೀಗ ಹಾಕಿಕೊಂಡು ಊರಿಗೆ ಹೋಗಿದ್ದರು. ಇನ್ನೊಂದು ಭೇಟಿ, 5 ದಿನ. ಉಳಿದ 8 ದಿನ ರಿಪೋರ್ಟಿನ ಪ್ರಶ್ನೆಗಳಿಗೆ ಹೋಯಿತು. ಬೈದುಕೊಂಡಿದ್ದೆಲ್ಲ ಬ್ಯಾಂಕನ್ನು, ಆದರೆ ಅರ್ಧಕ್ಕಿಂತ ಜಾಸ್ತಿ ನಮ್ಮದೇ ತಪ್ಪು.

ಎರಡನೆಯ ಸಲ ಫೀಸ್ ಕಟ್ಟಿದ ದಿನವೇ ಬ್ಯಾಂಕಿನ ಹುಡುಗನಿಗೆ ಕೇಳಿದೆ, "ಟೆಕ್ನಿಕಲ್ ಯಾರಿಗೆ ಕೊಟ್ಟಿದ್ದೀರಾ? ಅವರ ನಂಬರ್ ಕಳಿಸ್ರಪ್ಪ." ಮನೆ ನೋಡಿ ಬೆಲೆ ಕಟ್ಟುವ ಕೆಲಸಕ್ಕೆ ಬ್ಯಾಂಕಿನವರು ‘ಟೆಕ್ನಿಕಲ್’ ಅನ್ನುತ್ತಾರೆ. ನಂಬರ್ ಸೇವ್ ಮಾಡಿಕೊಂಡೆ. ಬೆಳಗ್ಗೆ ನಾನೇ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಂಡೆ. ಮೇಲಿನವರಿಗೆ ಹಿಂದಿನ ದಿನವೇ ಹೇಳಿ ಕೀ ಇಸ್ಕೊಂಡೆ.

ಕಾಗದಗಳ ವಿಷಯದಲ್ಲೂ ಮೊದಲು ಎಡವಿದ್ದೆ. ಅರವತ್ತು ಪುಟದ ಒಂದೇ ಪಿಡಿಎಫ್ ಇಂಜಿನಿಯರ್‌ಗೆ ಕಳಿಸಿದ್ದೆ. ಋಣಭಾರ ಪತ್ರ, ಹಳೆ ಕ್ರಯಪತ್ರಗಳು ಎಲ್ಲಾ. ಅವು ಲೀಗಲ್ ನೋಡುವ ವಕೀಲರಿಗೆ ಬೇಕು. ಇಂಜಿನಿಯರ್ ಕೇಳಿದ್ದು ಕ್ರಯಪತ್ರದಲ್ಲಿ ಜಾಗದ ವಿವರ ಇರುವ ಷೆಡ್ಯೂಲ್ ಪುಟ, ಇ-ಖಾತಾ, ತೆರಿಗೆ ರಸೀದಿ, ಮಂಜೂರಾದ ಪ್ಲಾನ್ ಮತ್ತು ಕರೆಂಟ್ ಬಿಲ್ ಮಾತ್ರ. ಕರೆಂಟ್ ಬಿಲ್ ಯಾಕೆ ಅಂದರೆ ಅದರಲ್ಲಿರುವ ಆರ್‌ಆರ್ ನಂಬರನ್ನು (ಕರೆಂಟ್ ಸಂಪರ್ಕದ ನಂಬರ್) ಮೀಟರ್ ಜೊತೆ ತಾಳೆ ನೋಡಿ ಫೋಟೋ ತೆಗೆಯುತ್ತಾರೆ. 1986ರ ಬ್ಲೂಪ್ರಿಂಟ್ ಮಡಿಕೆ ಬಿದ್ದು ಮಾಸಿಹೋಗಿತ್ತು. ಮೊಬೈಲ್‌ನಲ್ಲಿ ತೆಗೆದ ಫೋಟೋದಲ್ಲಿ ಅಳತೆಗಳೇ ಕಾಣುತ್ತಿರಲಿಲ್ಲ. ಈ ಸಲ ದೊಡ್ಡ ಶೀಟ್ ಸ್ಕ್ಯಾನ್ ಮಾಡುವ ಅಂಗಡಿಯಲ್ಲಿ ಮಾಡಿಸಿ ಕಳಿಸಿದೆ.

ನಿಜವಾದ ಕಗ್ಗಂಟು ಇದ್ದದ್ದು ಚಕ್ಕುಬಂದಿಯಲ್ಲಿ, ಅಂದರೆ ಸೈಟಿನ ನಾಲ್ಕು ದಿಕ್ಕಿಗೆ ಏನಿದೆ ಅನ್ನುವ ವಿವರದಲ್ಲಿ. ಕ್ರಯಪತ್ರದಲ್ಲಿ ನಮ್ಮದು ಸೈಟ್ ನಂಬರ್ 213. ಪೂರ್ವಕ್ಕೆ 214, ಪಶ್ಚಿಮಕ್ಕೆ 212, ಉತ್ತರಕ್ಕೆ 230, ದಕ್ಷಿಣಕ್ಕೆ ರಸ್ತೆ. ಕೇಳುವುದಕ್ಕೆ ಚೆನ್ನಾಗಿದೆ. ಬೀದಿಯಲ್ಲಿ ನಿಂತು ನೋಡಿದರೆ ಈ ಯಾವ ನಂಬರೂ ಯಾವ ಗೇಟಿನ ಮೇಲೂ ಇಲ್ಲ. ನಮ್ಮ ಗೇಟಿನ ಮೇಲೆ ಇರುವುದು ಹೊಸ ನಂಬರ್ 47. ಹಿಂಬದಿ ಮನೆಯವರು ಎರಡು ಸೈಟ್ ಸೇರಿಸಿ ದೊಡ್ಡ ಮನೆ ಕಟ್ಟಿಕೊಂಡಿದ್ದಾರೆ. ಕಾಗದದಲ್ಲಿರುವ ಜಾಗ ಇದೇ ಅಂತ ಇಂಜಿನಿಯರ್ ಹೇಗೆ ಸಹಿ ಹಾಕುತ್ತಾರೆ ಹೇಳಿ?

ಒಂದು ಭಾನುವಾರ ಅಕ್ಕಪಕ್ಕದವರ ಮನೆಗೆ ಹೋದೆ. ಪೂರ್ವದ ಮನೆಯ ಆಂಟಿ ತೆರಿಗೆ ರಸೀದಿ ತಂದು ತೋರಿಸಿದರು. ಹಳೆ ಸೈಟ್ ನಂಬರ್ ಅದರಲ್ಲೇ ಇತ್ತು. "ಯಾಕಪ್ಪಾ, ಮನೆ ಮಾರ್ತಿದೀರಾ?" ಅಂತ ಕೇಳಿದರು. ಪಶ್ಚಿಮದವರೂ ಅದನ್ನೇ ಕೇಳಿದರು. ಇಲ್ಲ ಅಂತ ಹೇಳಿ ಸಾಕಾಯಿತು. ಬಂದು ಒಂದು ಬಿಳಿ ಹಾಳೆಯಲ್ಲಿ ನಕ್ಷೆ ಬರೆದೆ. ಮಧ್ಯೆ ನಮ್ಮ ಮನೆ, ಮೂರು ಕಡೆ ಮೂರು ಚೌಕ, ಒಂದೊಂದರಲ್ಲೂ ಹಳೆ ನಂಬರ್, ಕೆಳಗೆ ಹೊಸ ನಂಬರ್, ದಕ್ಷಿಣಕ್ಕೆ ರಸ್ತೆ. ಇ-ಖಾತಾದಲ್ಲೂ ಚಕ್ಕುಬಂದಿ ಇರುತ್ತದಲ್ಲ, ಅದನ್ನೂ ಕ್ರಯಪತ್ರದ ಜೊತೆ ಒಂದು ಸಲ ಓದಿ ನೋಡಿದೆ. ಇಂಜಿನಿಯರ್ ಬಂದಾಗ ಆ ಹಾಳೆ ಹಿಡಿದುಕೊಂಡೇ ರಸ್ತೆಯಲ್ಲಿ ಒಂದು ಸುತ್ತು ಹಾಕಿದರು. ಹತ್ತು ನಿಮಿಷ. "ಇದನ್ನ ಯಾರೂ ಮಾಡಿಡಲ್ಲ ಸಾರ್" ಅಂದರು.

ಆಮೇಲೆ ಲೇಸರ್ ಮೀಟರ್ ಇಟ್ಟು ಅಳೆದರು. ಕಾಗದದಲ್ಲಿ 30 ಅಡಿ, ಜಾಗದಲ್ಲಿ 29 ಅಡಿ 8 ಇಂಚು. ಕಡಿಮೆ ಇರುವುದನ್ನೇ ಬರೆದುಕೊಂಡರು. ಮೊದಲ ಸಲ ಇದಕ್ಕೆ ನಾನು ವಾದ ಮಾಡಿದ್ದೆ. ಸುಮ್ನೆ ಟೈಮ್ ವೇಸ್ಟ್. ತಾರಸಿ ಮೇಲಿನ ಶೀಟಿನ ರೂಮಿನ ವಿಷಯವೂ ಹಾಗೇ. ಅದು ಪ್ಲಾನ್‌ನಲ್ಲಿ ಇಲ್ಲ. ಹೋದ ಸಲ ‘ಎಲ್ಲಾ ಪ್ಲಾನ್ ಪ್ರಕಾರವೇ ಇದೆ’ ಅಂದಿದ್ದೆ. ಆಮೇಲೆ ಫೋಟೋ ನೋಡಿದ ಮೇಲಧಿಕಾರಿಗಳಿಂದ ಪ್ರಶ್ನೆ ಬಂತು. ಈ ಸಲ ಮೆಟ್ಟಿಲು ಹತ್ತುವ ಮೊದಲೇ ಹೇಳಿಬಿಟ್ಟೆ, "ಮೇಲಿನದು ಪ್ಲಾನ್‌ನಲ್ಲಿಲ್ಲ, ಲೆಕ್ಕಕ್ಕೆ ಬೇಡ." ಅವರು ಅದನ್ನು ಬಿಟ್ಟು ಬರೆದುಕೊಂಡರು. ರಿಪೋರ್ಟ್ ಮೇಲೆ ಮತ್ತೆ ಪ್ರಶ್ನೆ ಬರಲಿಲ್ಲ.

ಇನ್ನೊಂದು ದಡ್ಡತನ ಹೇಳಲೇಬೇಕು. ಮೊದಲ ಸಲ ಬೆಲೆ ಜಾಸ್ತಿ ಬರಲಿ ಅಂತ ಮುಂದಿನ ಗೋಡೆಗೆ ಬಣ್ಣ ಹೊಡೆಸಿದ್ದೆ. ಈ ಇಂಜಿನಿಯರ್ ಕಾಫಿ ಕುಡಿಯುತ್ತಾ ಲೆಕ್ಕ ಹೇಳಿದರು. ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ ಆಯಸ್ಸು ಹಿಡಿಯುತ್ತಾರೆ. 39 ವರ್ಷ ಕಳೆದಿದೆ. ಕೊನೆಗೆ ಉಳಿಯುವ ಸಾಮಾನಿನ ಬೆಲೆ ಅಂತ ನೂರಕ್ಕೆ 10 ಬಿಟ್ಟು, ಉಳಿದ 90ರಲ್ಲಿ ವರ್ಷಕ್ಕಿಷ್ಟು ಅಂತ ಕಳೆಯುತ್ತಾ ಬರುತ್ತಾರೆ. ಹಾಗೆ ನೋಡಿದರೆ ಇವತ್ತು ಅದೇ ಕಟ್ಟಡ ಕಟ್ಟುವ ಖರ್ಚಿನಲ್ಲಿ ನೂರಕ್ಕೆ 58ರಷ್ಟು ಹೋಗಿಯೇ ಹೋಯಿತು. "ನಿಮ್ಮದರಲ್ಲಿ ಬೆಲೆ ಇರೋದು ಮಣ್ಣಿಗೆ ಸಾರ್, ಬಣ್ಣಕ್ಕಲ್ಲ."

ಬೆಲೆ ಎಷ್ಟು ಬರುತ್ತೆ ಅಂತ ನಾನು ಕೇಳಲಿಲ್ಲ, ಇಷ್ಟೇ ಬರಬೇಕು ಅಂತಲೂ ಹೇಳಲಿಲ್ಲ. ಹಾಗೆ ಕೇಳಿದರೆ ಅವರು ಹುಷಾರಾಗಿಬಿಡುತ್ತಾರೆ. ನಮ್ಮ ರಸ್ತೆಯಲ್ಲಿ ಈಚೆಗೆ ಮಾರಾಟವಾದ ಒಂದು ಮನೆ ಮಾತ್ರ ತೋರಿಸಿದೆ. "ಸರಿ, ನಾವೇ ವಿಚಾರಿಸ್ತೀವಿ" ಅಂದರು. ಗೇಟಿನ ಮುಂದೆ ಅಮ್ಮನನ್ನು ನಿಲ್ಲಿಸಿ ಫೋಟೋ ತೆಗೆದರು. ಅಮ್ಮ ಸೀರೆ ಬದಲಾಯಿಸಿಕೊಂಡು ಬಂದಿದ್ದಕ್ಕೆ ಐದು ನಿಮಿಷ ತಡವಾಯಿತು, ಅಷ್ಟೇ.

ಅದು ಸೋಮವಾರ ಫೀಸ್ ಕಟ್ಟಿದ ಫೈಲ್. ಬುಧವಾರ ಇಂಜಿನಿಯರ್ ಬಂದು ಹೋದರು. ಗುರುವಾರ ಸಂಜೆ ಬ್ಯಾಂಕಿನ ಹುಡುಗ ಫೋನ್ ಮಾಡಿ ರಿಪೋರ್ಟ್ ಬಂತು ಅಂದ. ಆ ನಕ್ಷೆಯ ಹಾಳೆಯನ್ನು ಕ್ರಯಪತ್ರದ ಜೊತೆಯಲ್ಲೇ ಇಟ್ಟಿದ್ದೇನೆ.