ಮಗನಿಗೆ ಕಿಲ್ಟ್ ಹೊಲಿದೆ: 8 ಗಜ ಉಣ್ಣೆ, 27 ನೆರಿಗೆ

ದಾವಣಗೆರೆಯಲ್ಲಿದ್ದಾಗ ನಾನು ಬ್ಲೌಸ್ ಹೊಲಿದುಕೊಡುತ್ತಿದ್ದೆ. ಸ್ಕಾಟ್ಲೆಂಡಿನ ಎಡಿನ್‌ಬರಾಕ್ಕೆ ಬಂದ ಮೇಲೆ ಮಿಷನ್ ಮೂಲೆ ಸೇರಿತ್ತು. ಹೋದ ವರ್ಷ ಮಗನ ಗೆಳೆಯನ ಮದುವೆ ಬಂತು. ಹುಡುಗರೆಲ್ಲ ಕಿಲ್ಟ್, ಅಂದರೆ ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಣ್ಣೆ ಉಡುಪು, ಹಾಕಬೇಕು ಅಂತಾಯಿತು. ಬಾಡಿಗೆಗೆ ಸಿಗುತ್ತದೆ, ನಿಜ. ಆದರೆ ಅಂಗಡಿಯಲ್ಲಿ ಒಂದನ್ನು ತಿರುಗಿಸಿ ಒಳಗಡೆ ನೋಡಿದೆ. ಮಿಷನ್ ಹೊಲಿಗೆ ಜಾಸ್ತಿ ಇಲ್ಲ, ಬಹುಪಾಲು ಕೈಹೊಲಿಗೆ. ಇದು ನನ್ನಿಂದಾಗುತ್ತೆ ಅನ್ನಿಸಿತು. ಆರು ವಾರ ಹಿಡಿಯುತ್ತದೆ ಅಂತ ಮಾತ್ರ ಆಗ ಗೊತ್ತಿರಲಿಲ್ಲ.

ಮೊದಲು ಅಳತೆ. ಕಿಲ್ಟ್ ಕೂರುವುದು ಪ್ಯಾಂಟಿನ ಬೆಲ್ಟ್ ಜಾಗದಲ್ಲಲ್ಲ, ಹೊಕ್ಕುಳಿನ ಮಟ್ಟದಲ್ಲಿ. ಜೀನ್ಸ್ ಸೈಜ್ ಕೇಳಿಕೊಂಡು ಶುರು ಮಾಡಿದರೆ ಕೆಟ್ಟಿತು. ಟೇಪು ಹಿಡಿದು ಸೊಂಟ, ಸೀಟ್ (ಹಿಂಭಾಗ ಅತಿ ಅಗಲವಿರುವ ಕಡೆಯ ಸುತ್ತಳತೆ), ಮತ್ತೆ ಸೊಂಟದಿಂದ ಮಂಡಿಚಿಪ್ಪಿನವರೆಗಿನ ಉದ್ದ ನೋಡಿ. ಉದ್ದಕ್ಕೆ 2 ಇಂಚು ಸೇರಿಸಿ, ಅದು ಸೊಂಟದ ಪಟ್ಟಿಗಿಂತ ಮೇಲೆ ಏರುವ ಭಾಗ. ಮಂಡಿಯೂರಿದಾಗ ಅಂಚು ನೆಲದಿಂದ ಒಂದಿಂಚು ಮೇಲಿರಬೇಕು. ನನ್ನ ಮಗನದು ಸೊಂಟ 32, ಸೀಟ್ 38.

ಬಟ್ಟೆ ಅಂದರೆ ಟಾರ್ಟನ್, ಉಣ್ಣೆಯ ಚೌಕುಳಿ. ಗಜಕ್ಕೆ 13 ಔನ್ಸ್ ತೂಗುವುದು ಸಿಗುತ್ತದೆ, 16 ಔನ್ಸಿನದೂ ಸಿಗುತ್ತದೆ. 16ರದ್ದು ನೆರಿಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಸೂಜಿ ಹಿಡಿದ ಬೆರಳು ಬೇಡ ಅನ್ನುತ್ತದೆ. ಮೊದಲ ಸಲಕ್ಕೆ 13 ಸಾಕು. ಇಲ್ಲಿನ ಕುಲಗಳಿಗೆ ತಮ್ಮದೇ ಟಾರ್ಟನ್ ಇರುತ್ತದೆ, ನಮಗೆ ಕುಲದ ಟಾರ್ಟನ್ ಎಲ್ಲಿಂದ ಬರಬೇಕು? ಯಾರು ಬೇಕಾದರೂ ಉಡುವ ಬ್ಲ್ಯಾಕ್ ವಾಚ್ ಅನ್ನುವ ಟಾರ್ಟನ್ ಕೊಂಡುತಂದೆ, ಕಡು ನೀಲಿ, ಹಸಿರು, ಕಪ್ಪು. ದೊಡ್ಡ ಪನ್ನದ ಬಟ್ಟೆಯಾದರೆ 4 ಗಜ ತಂದು ಉದ್ದಕ್ಕೆ ಸೀಳಿ. 8 ಗಜವಾಗುತ್ತದೆ. ಕೆಳಗಿನ ಅಂಚು ಮಡಿಸಿ ಹೊಲಿಯುವುದಿಲ್ಲ. ಮಗ್ಗದಿಂದ ಬಂದ ಅಂಚೇ ಕೆಳಗೆ ಬರಬೇಕು. ಹಾಗಾಗಿ ಎರಡನೇ ತುಂಡನ್ನು ತಲೆಕೆಳಗು ಮಾಡಿ ಜೋಡಿಸಬೇಕಾಗುತ್ತದೆ. ಎರಡೂ ಅಂಚಿನಲ್ಲಿ ಒಂದೇ ಗೆರೆ ಮುಗಿಯುತ್ತಾ ಅಂತ ಕೊಳ್ಳುವಾಗಲೇ ನೋಡಿ. ಜೋಡಣೆ ನೆರಿಗೆಯ ಒಳಗೆ ಅಡಗಲಿ.

ಇನ್ನು ಲೆಕ್ಕ. ಕಿಲ್ಟ್ ಹೊಲಿಯುವುದರಲ್ಲಿ ಅರ್ಧ ಕೆಲಸ ಇದೇ. ಮುಂದೆ ಎರಡು ಚಪ್ಪಟೆ ಪದರ, ಒಂದರ ಮೇಲೊಂದು. ಹಿಂದೆ ಪೂರ್ತಿ ನೆರಿಗೆ. ಸೀಟ್ 38ರಲ್ಲಿ ಮುಂದಕ್ಕೆ 18 ಬಿಟ್ಟೆ, ಹಿಂದಕ್ಕೆ 20. ಸೊಂಟ 32ರಲ್ಲಿ ಅರ್ಧರ್ಧ. 27 ನೆರಿಗೆ ಅಂತ ಇಟ್ಟುಕೊಂಡರೆ ಒಂದೊಂದೂ ಸೀಟಿನ ಮಟ್ಟದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಇಂಚು, ಸೊಂಟದಲ್ಲಿ 5 ನೂಲಿಗಿಂತ (ಇಂಚಿಗೆ 8 ನೂಲು) ಕೂದಲೆಳೆ ಕಡಿಮೆ. ಅಂದರೆ ಪ್ರತಿ ನೆರಿಗೆಯೂ ಮೇಲಕ್ಕೆ ಹೋಗ್ತಾ ಸಣ್ಣದಾಗಬೇಕು.

ನೆರಿಗೆ ಹಿಡಿಯುವುದಕ್ಕೆ ಎರಡು ರೀತಿ. ಪ್ರತಿ ನೆರಿಗೆಯ ಮೇಲೂ ಒಂದೇ ಗೆರೆ ಬರುವ ಹಾಗೆ ಹಿಡಿಯುವುದು ಸೈನ್ಯದವರ ರೀತಿ. ಇನ್ನೊಂದರಲ್ಲಿ, ಬಟ್ಟೆಯನ್ನು ಮಡಿಸಿಯೇ ಇಲ್ಲವೇನೋ ಅನ್ನುವ ಹಾಗೆ ಬೆನ್ನ ಮೇಲೂ ಚೌಕುಳಿ ಪೂರ್ತಿ ಕಾಣುತ್ತದೆ. ನಾನು ಇದನ್ನೇ ಹಿಡಿದೆ. ನನ್ನ ಬಟ್ಟೆಯಲ್ಲಿ ವಿನ್ಯಾಸ 7 ಇಂಚಿಗೊಮ್ಮೆ ಮರುಕಳಿಸುತ್ತಿತ್ತು. ಆದ್ದರಿಂದ ಒಂದೊಂದು ನೆರಿಗೆಗೆ 7 ಇಂಚಿನ ಮೇಲೆ ಮುಕ್ಕಾಲು ಇಂಚು ಮುಂದೆ ಹೋಗಿ ಚಾಕ್ ಗುರುತು ಹಾಕಿದೆ. ನೆರಿಗೆಗಳಿಗೇ 209 ಇಂಚು ಹೋಯಿತು, 6 ಗಜಕ್ಕೆ ಸ್ವಲ್ಪ ಕಡಿಮೆ. 8 ಗಜ ಯಾಕೆ ಬೇಕು ಅಂತ ಈಗ ತಿಳಿಯಿತಲ್ವಾ?

ಒಳ್ಳೆಯ ಬಟ್ಟೆಗೆ ಕೈ ಹಾಕುವ ಮುಂಚೆ ಊರಿಂದ ತಂದಿದ್ದ ಹಳೇ ಚೌಕುಳಿ ಲುಂಗಿಯ ಮೇಲೆ ಐದು ನೆರಿಗೆ ಹೊಲಿದು ನೋಡಿದೆ. ನೀವೂ ಹಾಗೇ ಮಾಡಿ.

ಹೊಲಿಗೆ ಸೊಂಟದಿಂದ ಸೀಟಿನವರೆಗೆ ಮಾತ್ರ, ಉದ್ದದಲ್ಲಿ ಸುಮಾರು ಮೂರನೇ ಒಂದು ಭಾಗ. ಕೆಳಗೆ ನೆರಿಗೆ ಬಿಡುಬೀಸಾಗಿ ಆಡಬೇಕು. ಮಡಿಕೆಯ ತುದಿಯನ್ನು ಪಕ್ಕದ ನೆರಿಗೆಯ ಮೇಲಿಟ್ಟು, ಅಡ್ಡಗೆರೆಗೆ ಅಡ್ಡಗೆರೆ ಕೂಡಿಸಿ, ಪಿನ್ ಚುಚ್ಚಿ. ಸೂಜಿಯನ್ನು ಮಡಿಕೆಯ ಒಳಗಿಂದ ಎರಡೇ ಎಳೆ ಹಿಡಿದು ತೆಗೆಯಿರಿ. ಸೀರೆಗೆ ಫಾಲ್ ಹಚ್ಚುವಾಗ ಮೇಲೆ ದಾರ ಕಾಣದ ಹಾಗೆ ಮಾಡುತ್ತೇವಲ್ಲ, ಅದೇ ಕೈ. ಆದರೆ ಹೊಲಿಗೆ ಇನ್ನೂ ಒತ್ತೊತ್ತಾಗಿ, ಬಿಗಿಯಾಗಿ ಇರಬೇಕು. ಒಂದು ನೆರಿಗೆಗೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಇಲ್ಲೇ ನಾನು ಎಡವಿದ್ದು. ಪ್ರತಿ ನೆರಿಗೆಯನ್ನೂ ಅರ್ಧ ನೂಲು, ಅಂದರೆ ಇಂಚಿನ 16ನೇ ಒಂದು ಭಾಗ, ಅಗಲ ಬಿಟ್ಟಿದ್ದೆ. ಅಷ್ಟರಿಂದ ಏನಾಗುತ್ತೆ ಅಂದುಕೊಂಡಿದ್ದೆ. 27 ನೆರಿಗೆ ಮುಗಿಸಿ ಟೇಪು ಹಿಡಿದರೆ ಒಂದೂಮುಕ್ಕಾಲು ಇಂಚಿನ ಹತ್ತಿರ ಜಾಸ್ತಿ! ಎಲ್ಲ ಬಿಚ್ಚಿದೆ. ಒಂದು ಕಪ್ ಕಾಫಿ ಕುಡಿದು ಮತ್ತೆ ಮೊದಲಿಂದ. ಐದು ನೆರಿಗೆಗೊಮ್ಮೆ ಅಳೆಯಿರಿ.

ಅಂದಹಾಗೆ, ಮೊದಲು ಕಿಲ್ಟ್‌ಗೂ ಹೊಲಿಗೆ ಇರಲಿಲ್ಲ. ಹೈಲ್ಯಾಂಡ್‌ನವರು (ಸ್ಕಾಟ್ಲೆಂಡಿನ ಗುಡ್ಡನಾಡಿನವರು) ಉದ್ದನೆಯ ಬಟ್ಟೆಯನ್ನು ಕೈಯಲ್ಲೇ ನೆರಿಗೆ ಹಿಡಿದು ಬೆಲ್ಟ್ ಬಿಗಿಯುತ್ತಿದ್ದರು, ಉಳಿದದ್ದು ಹೆಗಲ ಮೇಲೆ. ಥೇಟ್ ನಮ್ಮ ಸೀರೆ. 1746ರಲ್ಲಿ ಸರ್ಕಾರ ಈ ಉಡುಗೆಯನ್ನೇ ನಿಷೇಧಿಸಿತು, 1782ರಲ್ಲಿ ನಿಷೇಧ ತೆಗೆಯಿತು. ನೆರಿಗೆಯನ್ನು ಹೊಲಿದು ಕೂರಿಸುವುದು ಬಂದದ್ದು ಅದಾದ ಮೇಲೆ.

ನೆರಿಗೆಯಾದ ಮೇಲೆ ಕೆಳಭಾಗಕ್ಕೆ ಕಚ್ಚಾ ಹೊಲಿಗೆ ಹಾಕಿ ಹಿಡಿದಿಡಿ. ಒಳಗಡೆ ಎಲ್ಲ ನೆರಿಗೆಗಳನ್ನೂ ಸೇರಿಸಿ ಅಡ್ಡಕ್ಕೆ ಗಟ್ಟಿ ದಾರದ ಒಂದು ಸಾಲು ಹೊಲಿಗೆ ಬೇಕು. ಅಷ್ಟು ಉಣ್ಣೆಯ ಭಾರ ಹೊರಗಿನ ಸಣ್ಣ ಹೊಲಿಗೆಯ ಮೇಲೆ ಬೀಳಬಾರದು. ಆಮೇಲೆ ಹೊಲಿದ ಭಾಗದ ಒಳಗೆ ಉಳಿದ ದಪ್ಪ ಮಡಿಕೆಗಳನ್ನು ಕತ್ತರಿಸಿ ತೆಗೆಯಬೇಕು. ಇಲ್ಲದಿದ್ದರೆ ಸೊಂಟ ದಿಂಬಿನ ಹಾಗೆ ಕಾಣುತ್ತದೆ. ಕತ್ತರಿ ಹಾಕುವಾಗ ನನಗೆ ಕೈ ನಡುಗಿತು. ಒಳಕ್ಕೆ ಗಟ್ಟಿ ಕ್ಯಾನ್ವಾಸ್, ಅದರ ಮೇಲೆ ಕಾಟನ್ ಲೈನಿಂಗ್, ಮೇಲ್ಗಡೆ ಪಟ್ಟಿ. ಬ್ಲೌಸ್ ಹೊಲಿದವರಿಗೆ ಇದು ಹೇಳಿಕೊಡಬೇಕಿಲ್ಲ. ಮೇಲಿನ ಪದರದ ಬಲ ಅಂಚಿನ ಎಳೆ ಬಿಡಿಸಿ ಕುಚ್ಚಿನ ಹಾಗೆ ಬಿಡಿ. ಚರ್ಮದ ಪಟ್ಟಿ, ಬಕಲ್ ಬಲಕ್ಕೆ ಎರಡು, ಎಡಕ್ಕೆ ಒಂದು. ಒಳಪದರದ ಪಟ್ಟಿ ಎಡಗಡೆ ಒಂದು ಸೀಳಿನಿಂದ ಹೊರಗೆ ಬರುತ್ತದೆ. ಆ ಸೀಳಿಗೆ ಕಾಜಾ ಹೊಲಿಗೆ ಹಾಕಿ.

ಕೊನೆಗೆ ಇಸ್ತ್ರಿ. ಕಚ್ಚಾ ಹೊಲಿಗೆ ಇರುವಾಗಲೇ, ಒದ್ದೆ ಬಟ್ಟೆ ಮೇಲಿಟ್ಟು ಒತ್ತಿ. ಪೂರ್ತಿ ಆರಿದ ಮೇಲೆ ದಾರ ಬಿಚ್ಚಿ.

ಕಿಲ್ಟ್ ಉಟ್ಟಾಗ ಅಂಚಿಗೆ ಹಾಕುವ ದೊಡ್ಡ ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ಎರಡನ್ನೂ ಸೇರಿಸಿ ಚುಚ್ಚಿದರೆ ಕೂರುವಾಗ ಎಳೆದು ಹರಿಯುತ್ತದೆ. ಇದನ್ನು ಮಗನಿಗೆ ಮೂರು ಸಲ ಹೇಳಿ ಕಳಿಸಿದ್ದೆ. ಮದುವೆಯಿಂದ ಬಂದವನು ಕಿಲ್ಟ್ ಮಡಿಸಿ ಸುಮ್ನೆ ಕುರ್ಚಿಯ ಮೇಲಿಟ್ಟು ರೂಮಿಗೆ ಹೋದ. ಬಿಚ್ಚಿ ನೋಡಿದೆ. ಬಲಗಡೆ ಕೆಳಗೆ, ಹಸಿರು ಚೌಕದಲ್ಲಿ, ಅರ್ಧ ಇಂಚಿನ ತೂತು. ಕತ್ತರಿಸಿ ತೆಗೆದ ಬಟ್ಟೆಯಿಂದಲೇ ಎಳೆ ಬಿಡಿಸಿಕೊಂಡು ರಫೂ ಮಾಡಿದೆ. ಆ ಚೂರುಗಳನ್ನು ಎಸೆಯಬೇಡಿ.